ಒಂದು ಸೆಮಿಸ್ಟರ್ ಜರ್ಮನಿಗೆ ಹೋಗಲಾ? ಪ್ರಿಂಟ್‌ಮೇಕಿಂಗ್‌ನವರು, ಹೋಗಿ ಬಂದವರು ದಯವಿಟ್ಟು ಹೇಳಿ

ಭಟ್ಟಿ ಹುಡುಗಿ, ದಾವಣಗೆರೆ

ನಮಸ್ಕಾರ. ನಾನು ಇಲ್ಲೇ ಬಿವಿಎ (ದೃಶ್ಯಕಲೆಯ ಪದವಿ) ಮೂರನೇ ವರ್ಷ ಮುಗಿಸುತ್ತಿದ್ದೇನೆ. ಅಕ್ಟೋಬರ್‌ನಿಂದ ಜರ್ಮನಿಯ ಒಂದು ಆರ್ಟ್ ಅಕಾಡೆಮಿಯಲ್ಲಿ ಒಂದು ಸೆಮಿಸ್ಟರ್ ಓದುವ ಅವಕಾಶ ಬಂದಿದೆ. ಫೀಸ್ ಇಲ್ಲ, ಆದರೆ ಸ್ಕಾಲರ್‌ಶಿಪ್ ಇನ್ನೂ ಗಟ್ಟಿಯಾಗಿಲ್ಲ. ಅಪ್ಪನದು ಮಂಡಕ್ಕಿ ಭಟ್ಟಿ. ಹೋಗು, ದುಡ್ಡು ನೋಡೋಣ ಅನ್ನುತ್ತಾರೆ, ಆದರೆ ಅದು ಸಾಲವೇ ಆಗುತ್ತದೆ ಅಂತ ನನಗೆ ಗೊತ್ತು. ನಾನು ಮಾಡುತ್ತಿರುವುದು ಭಟ್ಟಿಯಲ್ಲಿ ದುಡಿಯುವ ಹೆಂಗಸರ ವುಡ್‌ಕಟ್, ಅಂದರೆ ಮರದ ಹಲಗೆಯಲ್ಲಿ ಕೊರೆದು ಕಾಗದಕ್ಕೆ ಒತ್ತುವ ಅಚ್ಚುಚಿತ್ರ. ನನ್ನ ವಿಷಯ ಇರುವುದೇ ಇಲ್ಲಿ, ಹಾಗಿರುವಾಗ ಅಷ್ಟು ದೂರ ಹೋಗಿ ಏನು ಕಲಿಯುತ್ತೇನೆ ಅನ್ನುವುದೇ ತಲೆಯಲ್ಲಿ ಕೊರೆಯುತ್ತಿದೆ. ಒಂದು ವರ್ಷ ಹಿಂದೆ ಬೀಳುತ್ತೀಯ ಅಂತ ಕ್ಲಾಸಿನವರು ಬೇರೆ ಹೆದರಿಸುತ್ತಿದ್ದಾರೆ. ನಿಜಾನಾ?

ಕೋಟೆ ಕಡೆಯವಳು, ಚಿತ್ರದುರ್ಗ

ತಂಗಿ, ನಾನು ಪೇಂಟಿಂಗ್‌ನಲ್ಲಿದ್ದಾಗ ಇದೇ ರೀತಿ ಜರ್ಮನಿಗೆ ಹೋಗಿ ಬಂದವಳು. ವರ್ಷ ಹಿಂದೆ ಬೀಳುವ ಭಯ ಸುಳ್ಳಲ್ಲ. ಅಲ್ಲಿನ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರುವಾಗಿ ಫೆಬ್ರವರಿವರೆಗೆ ಪಾಠ ಇರುತ್ತದೆ, ನಮ್ಮದು ಅದಕ್ಕೆ ಮೊದಲೇ ಶುರುವಾಗಿ ಮೊದಲೇ ಮುಗಿಯುತ್ತದೆ. ಅಲ್ಲಿ ಒಂದು ಸೆಮಿಸ್ಟರ್ ಅಂದರೆ ಸಾಮಾನ್ಯವಾಗಿ 30 ಯೂರೋಪಿಯನ್ ಕ್ರೆಡಿಟ್. ಅದನ್ನು ನಮ್ಮ ಕಡೆ ಯಾವ ಪೇಪರ್‌ಗಳಿಗೆ ಲೆಕ್ಕ ಹಿಡಿಯುತ್ತಾರೆ ಅಂತ ಪರೀಕ್ಷಾ ವಿಭಾಗದಿಂದ ಮೊದಲೇ ಬರೆಸಿಕೊಳ್ಳಬೇಕು. ಇದಕ್ಕೇ ಲರ್ನಿಂಗ್ ಅಗ್ರಿಮೆಂಟ್ ಅಂತ ಒಂದು ಕಾಗದ ಇರುತ್ತದೆ, ಎರಡೂ ಕಡೆಯವರ ಸಹಿ ಬಿದ್ದ ಮೇಲೆಯೇ ಟಿಕೆಟ್ ಮಾತು. ಮೇಷ್ಟ್ರು ಬಾಯಿಮಾತಲ್ಲಿ ಹೂಂ ಅಂದರೆ ಸಾಲದು, ಆ ಮೇಷ್ಟ್ರು ವರ್ಗವಾಗಿ ಹೋದರೆ ಯಾರನ್ನು ಕೇಳುತ್ತೀಯ?

ಓದು ಹೇಗಿರುತ್ತದೆ ಅಂತ ಹೇಳುತ್ತೇನೆ. ಅಲ್ಲಿನ ಬಹಳಷ್ಟು ಅಕಾಡೆಮಿಗಳಲ್ಲಿ ಒಬ್ಬ ಪ್ರೊಫೆಸರ್ ಸುತ್ತ ಒಂದು 'ಕ್ಲಾಸೆ' ಇರುತ್ತದೆ. ಎರಡನೇ ವರ್ಷದವರು, ಕೊನೇ ವರ್ಷದವರು ಎಲ್ಲ ಒಟ್ಟಿಗೇ. ಇವತ್ತು ಸ್ಟಿಲ್ ಲೈಫ್, ನಾಳೆ ಪೋರ್ಟ್ರೇಟ್ ಅಂತ ಯಾರೂ ಹೇಳುವುದಿಲ್ಲ. ನಿನ್ನ ಕೆಲಸ ಗೋಡೆಗೆ ಹಚ್ಚಿ ಎಲ್ಲರೂ ಸುತ್ತ ಕೂರುತ್ತಾರೆ, ನೀನು ಮಾತಾಡಬೇಕು. ಇದನ್ನು ಯಾಕೆ ಮಾಡಿದೆ, ಇಷ್ಟು ಕಪ್ಪು ಯಾಕೆ, ಇಷ್ಟು ದೊಡ್ಡದು ಯಾಕೆ. ನಮ್ಮಲ್ಲಿ ಮೇಷ್ಟ್ರು ತಿದ್ದುತ್ತಾರೆ, ನಾವು ತಲೆ ಆಡಿಸುತ್ತೇವೆ, ಅಲ್ವಾ? ಅಲ್ಲಿ ಸುಮ್ನೆ ನಿಂತರೆ ಎಲ್ಲರೂ ಸುಮ್ನೆ ಕಾಯುತ್ತಾರೆ. ಆ ಅಭ್ಯಾಸವನ್ನು ಈಗಿಂದಲೇ ಮಾಡು, ಮೊದಲು ಕನ್ನಡದಲ್ಲೇ ಮಾಡು. ಭಟ್ಟಿ ಹೊಗೆಯಲ್ಲಿ ನಿಂತ ಹೆಂಗಸನ್ನು ಮರದಲ್ಲೇ ಯಾಕೆ ಕೊರೆದೆ, ಪೆನ್ಸಿಲ್‌ನಲ್ಲಿ ಯಾಕೆ ಬಿಡಿಸಲಿಲ್ಲ ಅಂತ ನಿನಗೆ ನೀನೇ ಹೇಳಿಕೊ. ನನ್ನ ಮಟ್ಟಿಗೆ ಅಲ್ಲಿ ಸಿಕ್ಕಿದ್ದರಲ್ಲಿ ಇದೇ ದೊಡ್ಡದು.

ಲೆಕ್ಕದ ಪುಸ್ತಕ, ದಾವಣಗೆರೆ

ದುಡ್ಡಿನ ಬಗ್ಗೆ ನಾನು ಹೇಳುತ್ತೇನೆ, ನನ್ನ ತಮ್ಮನ ಕಾಗದ ಪತ್ರ ಎಲ್ಲ ನಾನೇ ಮಾಡಿಸಿದ್ದು. ವೀಸಾಕ್ಕೆ ಖರ್ಚಿನ ದುಡ್ಡು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಜರ್ಮನಿಯವರ ಲೆಕ್ಕ ತಿಂಗಳಿಗೆ 992 ಯೂರೋ. ಆರು ತಿಂಗಳಿಗೆ 5,952 ಯೂರೋ, ಅಂದರೆ ಸುಮಾರು 6 ಲಕ್ಷ ಅಂತ ಇಟ್ಟುಕೊಳ್ಳಿ. ಬ್ಲಾಕ್ಡ್ ಅಕೌಂಟ್‌ನಲ್ಲಿ ಹಾಕಿದರೆ ಅದು ನಿಮ್ಮದೇ ದುಡ್ಡು, ಹೋದ ಮೇಲೆ ತಿಂಗಳು ತಿಂಗಳು ಇಷ್ಟಿಷ್ಟೇ ಕೈಗೆ ಬರುತ್ತದೆ. ಸ್ಕಾಲರ್‌ಶಿಪ್ ಪತ್ರ ಸಿಕ್ಕರೆ ಅಷ್ಟರ ಮಟ್ಟಿಗೆ ಇದರ ಹೊರೆ ಇಳಿಯುತ್ತದೆ. ಎರಾಸ್ಮಸ್ ಪ್ಲಸ್ ಅನ್ನುವ ಯೂರೋಪಿಯನ್ ಒಕ್ಕೂಟದ ಯೋಜನೆ ಅಡಿ ಹೋದರೆ ತಿಂಗಳಿಗೆ 800ರಿಂದ 900 ಯೂರೋ, ಪ್ರಯಾಣಕ್ಕೆ ಬೇರೆ ಕೊಡುತ್ತಾರೆ. ಆದರೆ ಎರಡು ವಿಶ್ವವಿದ್ಯಾಲಯಗಳ ನಡುವೆ ಅದಕ್ಕಾಗಿ ಒಪ್ಪಂದ ಇರಲೇಬೇಕು, ನೀವೊಬ್ಬರೇ ಅರ್ಜಿ ಹಾಕಿದರೆ ಬರುವುದಲ್ಲ. ಕಾಲೇಜಿನಲ್ಲಿ ಇದನ್ನು ನೇರವಾಗಿ ಕೇಳಿ, ಮುಜುಗರ ಬೇಡ.

ಫೀಸ್ ಇಲ್ಲ ಅಂದರೂ ಸೆಮಿಸ್ಟರ್ ಕಾಣಿಕೆ ಅಂತ ನೂರಿನ್ನೂರು ಯೂರೋ ಬೀಳಬಹುದು, ಆರೋಗ್ಯ ವಿಮೆ ಕಡ್ಡಾಯ. ರೂಮ್ ಮೊದಲೇ ನೋಡಿಕೊಳ್ಳಿ, ಹಾಸ್ಟೆಲ್ ಜಾಸ್ತಿ ಸಿಗುವುದಿಲ್ಲ. ಸ್ಕಾಲರ್‌ಶಿಪ್ ಬರದೇ ಭಟ್ಟಿ ಮೇಲೆ ಸಾಲ ಮಾಡಿ ಹೋಗುವ ಹಾಗಿದ್ದರೆ ಮುಂದಿನ ಸಲ ನೋಡಿ ಅಂತ ನಾನು ಹೇಳುತ್ತೇನೆ. ಅಪ್ಪನಿಗೆ ಬೇಜಾರಾದರೂ ಸರಿ.

ಶಾಯಿ ಕೈ, ಮೊಳಕಾಲ್ಮೂರು

ನೋಡಮ್ಮ, ನಾನು ಡ್ರಾಯಿಂಗ್ ಮೇಷ್ಟ್ರು, ನೇಕಾರರ ಮನೆಯವನು. ಇಲ್ಲಿನ ವಿಷಯಕ್ಕೆ ಅಲ್ಲಿ ಏನು ಸಿಗುತ್ತದೆ ಅಂತ ಕೇಳಿದಿರಲ್ಲ, ಅದಕ್ಕೆ ಉತ್ತರ. 1844ರಲ್ಲಿ, ಆಗ ಜರ್ಮನ್ ರಾಜ್ಯವಾದ ಪ್ರಶ್ಯಾಕ್ಕೆ ಸೇರಿದ್ದ ಸಿಲೇಷಿಯಾದ ನೇಕಾರರು ಹೊಟ್ಟೆಗಿಲ್ಲದೆ ದಂಗೆ ಎದ್ದರು. ಆ ದಂಗೆಯನ್ನು ಜರ್ಮನ್ ಕಲಾವಿದೆ ಕೇಟೆ ಕೋಲ್‌ವಿಟ್ಜ್ 1890ರ ದಶಕದಲ್ಲಿ ಆರು ಪ್ರಿಂಟ್ ಮಾಡಿದಳು, ಮೂರು ಲಿಥೋ (ಕಲ್ಲಚ್ಚು), ಮೂರು ಎಚಿಂಗ್ (ಲೋಹದ ತಗಡನ್ನು ಆಸಿಡ್‌ನಲ್ಲಿ ಕೊರೆಸಿ ಒತ್ತುವ ಅಚ್ಚು). ಪುಸ್ತಕದಲ್ಲಿ ಅವು ಬರೀ ಬೂದು ಬಣ್ಣ. ಆ ಕಪ್ಪು ಎಷ್ಟು ಆಳ, ಕಾಗದದಲ್ಲಿ ಎಷ್ಟು ಕಚ್ಚಿದೆ ಅನ್ನುವುದು ಅಸಲಿ ಹಾಳೆ ಎದುರಿಗಿದ್ದರೆ ಮಾತ್ರ ಕಾಣುತ್ತದೆ. ಬೆಳಕು ತಾಗಿದರೆ ಕಾಗದ ಕೆಡುತ್ತದೆ ಅಂತ ಮ್ಯೂಸಿಯಂನವರು ಪ್ರಿಂಟ್‌ಗಳನ್ನು ಯಾವಾಗಲೂ ಗೋಡೆಗೆ ಹಾಕಿರುವುದಿಲ್ಲ. ಬರ್ಲಿನ್, ಡ್ರೆಸ್ಡೆನ್‌ನಲ್ಲಿ ಪ್ರಿಂಟ್ ಸಂಗ್ರಹಕ್ಕೇ ಓದುವ ಕೋಣೆ ಇದೆ. ಮೊದಲೇ ಬರೆದು ಕೇಳಿದರೆ ಹಾಳೆಯನ್ನು ಮೇಜಿನ ಮೇಲೆ ತಂದು ಇಡುತ್ತಾರೆ. ವಿದ್ಯಾರ್ಥಿಗಳು ಸಂಕೋಚಕ್ಕೆ ಕೇಳುವುದೇ ಇಲ್ಲ. ನೀವು ಕೇಳಿ, ಮತ್ತೆ ಮತ್ತೆ ಕೇಳಿ.

ಲಿಥೋ ಹುಟ್ಟಿದ್ದೂ ಅಲ್ಲೇ. 1796ರ ಸುಮಾರಿಗೆ ಮ್ಯೂನಿಕ್‌ನಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಕಂಡುಹಿಡಿದದ್ದು. ಕಲ್ಲು ಬರುವುದು ಬವೇರಿಯಾದ ಸೋಲ್ನ್‌ಹೋಫನ್‌ನಿಂದ, ನುಣ್ಣನೆಯ ಸುಣ್ಣಕಲ್ಲು. ಕಲ್ಲಿನ ಮೇಲೆ ಜಿಡ್ಡಿನ ಬಳಪದಲ್ಲಿ ಬಿಡಿಸಿ ನೀರು ಹಚ್ಚಿದರೆ, ಜಿಡ್ಡು ಇದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಅಕಾಡೆಮಿಯಲ್ಲಿ ಲಿಥೋ ವರ್ಕ್‌ಶಾಪ್ ಇದೆಯಾ ಅಂತ ಈಗಲೇ ಬರೆದು ಕೇಳಿ. ಇದ್ದರೆ ಕೋರ್ಸ್ ಆಯ್ಕೆಯಲ್ಲಿ ಅದೇ ಮೊದಲು.

ಭಟ್ಟಿ ಹುಡುಗಿ, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೋಮವಾರ ಪರೀಕ್ಷಾ ವಿಭಾಗಕ್ಕೆ ಅರ್ಜಿ ಕೊಡುತ್ತೇನೆ, ಒಪ್ಪಂದದ ವಿಷಯವನ್ನೂ ಕೇಳುತ್ತೇನೆ. ಸ್ಕಾಲರ್‌ಶಿಪ್ ಬಂದರೆ ಮಾತ್ರ ಹೋಗುವುದು ಅಂತ ಅಪ್ಪನಿಗೆ ಇವತ್ತೇ ಹೇಳಿದೆ. ಮೇಷ್ಟ್ರೇ, ಲಿಥೋ ವರ್ಕ್‌ಶಾಪ್ ಇದೆ, ವೆಬ್‌ಸೈಟಿನಲ್ಲಿ ಪ್ರೆಸ್‌ನ ಫೋಟೋ ನೋಡಿದೆ! ಅಕ್ಕ, ಇನ್ನೊಂದು ಪ್ರಶ್ನೆ, ಉಳಿಗಳನ್ನು ವಿಮಾನದಲ್ಲಿ ತೆಗೆದುಕೊಂಡು ಹೋಗಬಹುದಾ?

ಕೋಟೆ ಕಡೆಯವಳು, ಚಿತ್ರದುರ್ಗ

ಕೈಚೀಲದಲ್ಲಿ ಬೇಡ, ಚೆಕ್‌ಇನ್ ಸಾಮಾನಿನಲ್ಲಿ ಬಟ್ಟೆ ಸುತ್ತಿ ಇಡು. ಟರ್ಪೆಂಟೈನ್, ಫಿಕ್ಸೆಟಿವ್ ಸ್ಪ್ರೇ (ಚಿತ್ರ ಅಳಿಸದಂತೆ ಹೊಡೆಯುವುದು) ಎರಡೂ ಬೆಂಕಿ ಹಿಡಿಯುವ ವಸ್ತು, ಯಾವ ಚೀಲದಲ್ಲೂ ಬಿಡುವುದಿಲ್ಲ. ಅವನ್ನು ಅಲ್ಲೇ ತೆಗೆದುಕೊ. ಶಾಯಿ ಡಬ್ಬಿ ಬಗ್ಗೆ ಏರ್‌ಲೈನ್‌ನವರಿಗೆ ಮೊದಲೇ ಮೇಲ್ ಹಾಕು.