ದೀರ್ಘಾವಧಿಯಲ್ಲಿ ಷೇರಿನಿಂದ ನಷ್ಟವೇ ಇಲ್ಲವೆಂಬ ಮಾತನ್ನು ಎಷ್ಟು ನಂಬಬಹುದು?

ಪ್ರಶ್ನೆ: ತೀರ್ಥಹಳ್ಳಿಯ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ವಯಸ್ಸು 41, ನಿವೃತ್ತಿಗೆ ಇನ್ನೂ 19 ವರ್ಷವಿದೆ. ಬ್ಯಾಂಕಿನ ಠೇವಣಿಯಲ್ಲಿ 12 ಲಕ್ಷ ರೂಪಾಯಿ ಇದೆ, ತಿಂಗಳಿಗೆ 15 ಸಾವಿರದಷ್ಟು ಉಳಿಸಬಲ್ಲೆ. ಮೂರು ವರ್ಷದೊಳಗೆ ಮನೆ ಕಟ್ಟಲು ಕೈಹಾಕಬೇಕೆಂದಿದ್ದೇವೆ. ಮಗಳು ಈಗ ಮೂರನೇ ತರಗತಿಯಲ್ಲಿದ್ದಾಳೆ, ಅವಳ ಪದವಿ ಓದಿನ ಖರ್ಚು ಒಂಬತ್ತು ವರ್ಷಕ್ಕೆ ಎದುರಾಗುತ್ತದೆ.

ಹೋದ ವಾರ ಠೇವಣಿ ನವೀಕರಿಸಲು ಬ್ಯಾಂಕಿಗೆ ಹೋದಾಗ ಅಲ್ಲಿಯ ಸಿಬ್ಬಂದಿಯೊಬ್ಬರು, ಹದಿನೈದು ವರ್ಷ ಮುಟ್ಟದೆ ಇಟ್ಟರೆ ಷೇರಿನಲ್ಲಿ ನಷ್ಟವೆಂಬುದೇ ಇಲ್ಲ, ಇಡೀ ಹಣವನ್ನು ಈಕ್ವಿಟಿ ಫಂಡಿಗೆ, ಅಂದರೆ ಹಲವರ ಹಣ ಕೂಡಿಸಿ ಷೇರುಗಳನ್ನು ಕೊಳ್ಳುವ ನಿಧಿಗೆ, ಹಾಕಿ ನಿಶ್ಚಿಂತೆಯಾಗಿರಿ ಎಂದರು. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ, ಹಾಗೆಂದು ಏಕೆ ಒಪ್ಪಿಗೆಯಾಗಲಿಲ್ಲ ಎಂದು ಹೇಳಲೂ ತಿಳಿಯಲಿಲ್ಲ.

ಮನೆಯಲ್ಲಿ ಎರಡು ಅನುಭವಗಳಿವೆ. ನನ್ನ ತಂದೆ 1994ರಲ್ಲಿ, ಊರಿನವರೆಲ್ಲ ಕೊಳ್ಳುತ್ತಿದ್ದಾರೆಂದು, ಒಂದು ಕಂಪನಿಯ ಷೇರುಗಳನ್ನು ಕೊಂಡು ಕೊನೆಯವರೆಗೂ ಮಾರದೆ ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಸರ್ಟಿಫಿಕೇಟುಗಳು ಸಿಕ್ಕವು, ಆದರೆ ಆ ಕಂಪನಿಯ ಹೆಸರನ್ನು ಈಗ ಕೇಳಿದವರೇ ಇಲ್ಲ. ಎರಡನೆಯದು ನನ್ನದೇ. 2020ರ ಜನವರಿಯಲ್ಲಿ ಒಂದು ಈಕ್ವಿಟಿ ಫಂಡಿಗೆ 2 ಲಕ್ಷ ಹಾಕಿದೆ. ಮಾರ್ಚ್ 23ರ ರಾತ್ರಿ ಮಗಳನ್ನು ಮಲಗಿಸಿ ಮೊಬೈಲು ನೋಡಿದರೆ 1 ಲಕ್ಷದ 27 ಸಾವಿರ ಎಂದಿತ್ತು. ಯಜಮಾನರ ಮುದ್ರಣಾಲಯ ಮುಚ್ಚಿತ್ತು, ಇಬ್ಬರು ಕೆಲಸಗಾರರಿಗೆ ಸಂಬಳ ಕೊಡಬೇಕಿತ್ತು. ಮಾರನೆಯ ದಿನ ಅಷ್ಟನ್ನೂ ಹಿಂತೆಗೆದೆ. ಆ ವರ್ಷ ಮುಗಿಯುವುದರೊಳಗೆ ಅದೇ ಫಂಡು ಹಳೆಯ ಮಟ್ಟಕ್ಕೆ ಬಂದಿತ್ತು.

ಅಪ್ಪ ಕಾದು ಕಳೆದುಕೊಂಡರು, ನಾನು ಕಾಯದೆ ಕಳೆದುಕೊಂಡೆ. ಹಾಗಾದರೆ ದೀರ್ಘಾವಧಿ ಎಂಬ ಮಾತಿಗೆ ಏನು ಅರ್ಥ? ಷೇರಿನ ಅಪಾಯ ಎಂದರೆ ನಿಜವಾಗಿ ಯಾವುದು, ಅದನ್ನು ನನ್ನಂಥವರು ಅಳೆಯುವುದು ಹೇಗೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಮೈಸೂರಿನ ನಿವೃತ್ತ ಲೆಕ್ಕಪರಿಶೋಧಕ

ಮೇಡಂ, ನೀವು ಇತಿಹಾಸದವರಾದ್ದರಿಂದ ಇಸವಿಗಳಿಂದಲೇ ಆರಂಭಿಸುತ್ತೇನೆ. ಮುಂಬೈ ಷೇರುಪೇಟೆಯ 30 ದೊಡ್ಡ ಕಂಪನಿಗಳ ಬೆಲೆಯ ಏರಿಳಿತವನ್ನು ತೋರಿಸುವ ಸೂಚ್ಯಂಕವಾದ ಸೆನ್ಸೆಕ್ಸ್‌ಗೆ 1978–79ನ್ನು ಆಧಾರ ವರ್ಷವೆಂದು ಹಿಡಿದು 100 ಎಂಬ ಅಂಕ ಕೊಟ್ಟಿದ್ದಾರೆ. 2024ರ ಜುಲೈನಲ್ಲಿ ಅದು 80,000 ದಾಟಿತು. ಬ್ಯಾಂಕಿನವರು ತೋರಿಸುವುದು ಈ ಎರಡು ತುದಿಗಳನ್ನು ಮಾತ್ರ. ಆದರೆ 1979ರಲ್ಲಿ ಹಣ ಹಾಕಿ 2024ರಲ್ಲಿ ತೆಗೆದವರು ಎಷ್ಟು ಜನ ಸಿಕ್ಕಾರು? ಪ್ರತಿಯೊಬ್ಬರೂ ನಡುವೆ ಎಲ್ಲೋ ಹತ್ತಿ, ನಡುವೆ ಎಲ್ಲೋ ಇಳಿದವರೇ.

1992ರ ಏಪ್ರಿಲ್‌ನಲ್ಲಿ, ಷೇರು ದಲ್ಲಾಳಿ ಹರ್ಷದ್ ಮೆಹ್ತಾನ ಹಗರಣ ಬಯಲಿಗೆ ಬರುವ ಹೊತ್ತಿಗೆ, ಸೆನ್ಸೆಕ್ಸ್ 4,400ರ ಮೇಲಿತ್ತು. ಹನ್ನೊಂದು ವರ್ಷ ಕಳೆದು 2003ರ ಏಪ್ರಿಲ್‌ನಲ್ಲಿ ಅದು 3,000ದ ಆಸುಪಾಸಿನಲ್ಲಿತ್ತು. ನಡುವೆ 2000ದ ಫೆಬ್ರುವರಿಯಲ್ಲಿ 6,000ದ ಹತ್ತಿರ ಹೋಗಿ ಬಂದದ್ದು ನಿಜ, ಕಂಪನಿಗಳು ಕೊಟ್ಟ ಲಾಭಾಂಶ ಈ ಅಂಕಗಳಲ್ಲಿ ಸೇರಿಲ್ಲ ಎಂಬುದೂ ನಿಜ. ಆದರೂ ಅಷ್ಟು ವರ್ಷಗಳಲ್ಲಿ ದಿನಸಿಯ ಬೆಲೆ ಸುಮಾರು ದುಪ್ಪಟ್ಟಾಗಿತ್ತು ಎಂಬುದನ್ನು ನೆನೆದರೆ, 1992ರಲ್ಲಿ ಹಾಕಿ 2003ರಲ್ಲಿ ಮಗಳ ಮದುವೆಗೆಂದು ತೆಗೆದ ಒಬ್ಬ ತಂದೆಗೆ ಆದದ್ದು ನಷ್ಟವಲ್ಲದೆ ಇನ್ನೇನು?

2008ರ ಜನವರಿ 8ರಂದು 20,873ಕ್ಕೆ ಮುಕ್ತಾಯವಾದ ಸೂಚ್ಯಂಕ 2009ರ ಮಾರ್ಚ್ 9ರಂದು 8,160ರಲ್ಲಿತ್ತು. ಶೇ. 60 ಇಳಿದದ್ದು ಮೊದಲಿನ ಮಟ್ಟಕ್ಕೆ ಬರಬೇಕಾದರೆ ಶೇ. 60 ಏರಿದರೆ ಸಾಲದು, ಶೇ. 150 ಏರಬೇಕು. ಅದು ಆ ಎತ್ತರವನ್ನು ಮೀರಿ ಗಟ್ಟಿಯಾಗಿ ನಿಂತದ್ದು 2013ರ ಕೊನೆಗೆ. ಜಪಾನಿನ ಕಥೆ ಇನ್ನೂ ಕಠಿಣವಾದುದು: 1989ರ ಡಿಸೆಂಬರ್ ಕೊನೆಯಲ್ಲಿ 38,915 ಇದ್ದ ನಿಕ್ಕೇ ಸೂಚ್ಯಂಕ ಆ ಅಂಕವನ್ನು ಮತ್ತೆ ದಾಟಲು 2024ರ ಫೆಬ್ರುವರಿಯವರೆಗೆ ಕಾಯಬೇಕಾಯಿತು. ಹಿಂದುಳಿದ ದೇಶವಲ್ಲ, ಬುದ್ಧಿಯಿಲ್ಲದ ಜನರಲ್ಲ, ಆದರೂ 34 ವರ್ಷ. ಅಂದಿನ ಬೆಲೆ ವಿಪರೀತ ಹೆಚ್ಚಾಗಿತ್ತು ಎಂಬುದೇ ಮುಖ್ಯ ಕಾರಣ. ಎಷ್ಟು ವರ್ಷ ಇಡುತ್ತೇವೆ ಎಂಬುದರಷ್ಟೇ ಯಾವ ಬೆಲೆಗೆ ಕೊಳ್ಳುತ್ತೇವೆ ಎಂಬುದೂ ಮುಖ್ಯವೆಂದು ನಾನು ಹೇಳುವುದು ಇದಕ್ಕಾಗಿಯೇ.

ಕಾಲ ಹೆಚ್ಚಿದಂತೆ ನಷ್ಟದ ಸಂಭವ ಕಡಿಮೆಯಾಗುತ್ತದೆ, ಇದನ್ನು ನಾನು ಒಪ್ಪುತ್ತೇನೆ. ಆದರೆ ಸಂಭವ ಕಡಿಮೆ ಎಂಬುದಕ್ಕೂ ನಷ್ಟವೇ ಇಲ್ಲ ಎಂಬುದಕ್ಕೂ ಇರುವ ಅಂತರ ಬಹಳ ದೊಡ್ಡದು, ಮತ್ತು ಆ ಅಂತರವನ್ನು ಮುಚ್ಚಿಟ್ಟು ಹಣ ಹಾಕಿಸುವುದು ತಪ್ಪು.

ನಿಮ್ಮ 2020ರ ವಿಷಯಕ್ಕೆ ಒಂದು ಮಾತು. ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನದಲ್ಲಿ ಶೇ. 13ರಷ್ಟು ಕುಸಿದಿತ್ತು. ನೀವು ಹೆದರಿ ಮಾರಿದಿರಿ ಎಂದು ನಿಮ್ಮನ್ನು ನೀವೇ ದೂಷಿಸಿಕೊಳ್ಳುತ್ತಿದ್ದೀರಿ, ನಾನು ಹಾಗೆ ಓದಲಿಲ್ಲ. ಕೆಲಸಗಾರರ ಸಂಬಳಕ್ಕೆ ಬೇಕಾಗಬಹುದಾದ ಹಣ ಮೊದಲೇ ದೀರ್ಘಾವಧಿಯ ಹಣವಾಗಿರಲಿಲ್ಲ. ಪೇಟೆ ಬಿದ್ದ ವಾರದಲ್ಲೇ ಮುದ್ರಣಾಲಯವೂ ಮುಚ್ಚಿತು ಎಂಬುದನ್ನು ಗಮನಿಸಿ. ಇದು ಕಾಕತಾಳೀಯವಲ್ಲ, ಎರಡಕ್ಕೂ ಕಾರಣ ಒಂದೇ. ಕೆಟ್ಟ ಕಾಲ ಬಂದಾಗ ಷೇರಿನ ಬೆಲೆ, ವ್ಯಾಪಾರದ ಆದಾಯ, ನೆಂಟರಿಂದ ಸಿಗುವ ಕೈಗಡ ಇವೆಲ್ಲವೂ ಒಟ್ಟಿಗೇ ಕೈಕೊಡುತ್ತವೆ. ಆ ಗಳಿಗೆಯಲ್ಲಿ ಮಾರಲೇಬೇಕಾದ ಸ್ಥಿತಿಗೆ ಬರುವುದೇ ಸಾಮಾನ್ಯ ಕುಟುಂಬಕ್ಕೆ ಷೇರಿನಲ್ಲಿರುವ ಅತಿ ದೊಡ್ಡ ಅಪಾಯ.

ಉತ್ತರ: ಶೃಂಗೇರಿ ಕಡೆಯ ಅಡಿಕೆ ಬೆಳೆಗಾರ

ನಿಮ್ಮ ತಂದೆಯವರ ವಿಷಯಕ್ಕೆ ಮೇಲಿನವರು ಬರಲಿಲ್ಲ. ಆ ನೋವು ನನಗೂ ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ನಮ್ಮ ತೋಟಕ್ಕೆ ಮೂರು ರೀತಿಯ ಕೆಡುಕು ಬರುತ್ತದೆ. ಮಾರುಕಟ್ಟೆಯಲ್ಲಿ ಅಡಿಕೆಯ ದರ ಇಳಿಯುತ್ತದೆ, ಆದರೆ ಮರ ಮರವಾಗಿಯೇ ಇರುತ್ತದೆ. ಮಳೆ ಜೋರಾಗಿ ಔಷಧಿ ಹೊಡೆಯಲು ಬಿಡುವು ಸಿಗದಿದ್ದರೆ ಕೊಳೆರೋಗ ಬಂದು ಆ ವರ್ಷದ ಫಸಲು ಉದುರುತ್ತದೆ, ಮುಂದಿನ ವರ್ಷ ಮೈಲುತುತ್ತ ಸುಣ್ಣ ಬೆರೆಸಿ ಸಕಾಲಕ್ಕೆ ಹೊಡೆದರೆ ಮತ್ತೆ ಗೊನೆ ಬಿಡುತ್ತದೆ. ಮೂರನೆಯದು ಹಳದಿ ಎಲೆ ರೋಗ. ಅದು ಹೊಕ್ಕ ತೋಟದಲ್ಲಿ ವರ್ಷ ವರ್ಷವೂ ಇಳುವರಿ ಇಳಿಯುತ್ತಾ ಮರವೇ ಹೋಗುತ್ತದೆ. ನಮ್ಮ ಸೀಮೆಯಲ್ಲಿ, ಕೊಪ್ಪದಲ್ಲಿ, ಸುಳ್ಯದ ಕಡೆಯಲ್ಲಿ ಕಾದು ಕಾದು ಕೊನೆಗೆ ತೋಟ ಬಿಟ್ಟುಕೊಟ್ಟವರಿದ್ದಾರೆ. ದರ ಇಳಿದವನಿಗೆ ಕಾಯಿರಿ ಎನ್ನಬಹುದು, ಹಳದಿ ರೋಗದವನಿಗೆ ಅದೇ ಮಾತು ಹೇಳಿದರೆ ಅನ್ಯಾಯ. ನಿಮಗೆ 2020ರಲ್ಲಿ ಆದದ್ದು ಮೊದಲನೆಯದು, ನಿಮ್ಮ ತಂದೆಯವರಿಗೆ ಆದದ್ದು ಮೂರನೆಯದು.

ನಾನು 2016ರಿಂದ 2018ರವರೆಗೆ ಒಂದೇ ಕಂಪನಿಯ ಷೇರನ್ನು, ಬೆಲೆ ಇಳಿದಾಗಲೆಲ್ಲ ಅಗ್ಗವಾಯಿತೆಂದು ಭಾವಿಸಿ, ಮತ್ತೆ ಮತ್ತೆ ಕೊಂಡೆ. ಅದರ ಸಾಲ ಪ್ರತಿವರ್ಷ ಏರುತ್ತಿದ್ದದ್ದು ವಾರ್ಷಿಕ ವರದಿಯಲ್ಲಿ ಅಚ್ಚಾಗಿತ್ತು, ನಾನು ಬೆಲೆ ನೋಡಿದೆನೇ ಹೊರತು ವರದಿ ತೆರೆದು ನೋಡಲಿಲ್ಲ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅಲ್ಲಿ ಮೊದಲು ಸಾಲ ಕೊಟ್ಟವರಿಗೆ ಪಾಲು, ಉಳಿದರೆ ಕೊನೆಯಲ್ಲಿ ಷೇರುದಾರರಿಗೆ. ಏನೂ ಉಳಿಯಲಿಲ್ಲ. ಷೇರುಗಳನ್ನು ಕಾಗದವಿಲ್ಲದೆ ಕಂಪ್ಯೂಟರಿನಲ್ಲಿಡುವ ನನ್ನ ಡಿಮ್ಯಾಟ್ ಖಾತೆಯ ವಿವರದಲ್ಲಿ ಆ 1,200 ಷೇರುಗಳ ಸಾಲು ಇವತ್ತಿಗೂ ಇದೆ, ಮೌಲ್ಯದ ಜಾಗದಲ್ಲಿ ಸೊನ್ನೆ.

ಸೂಚ್ಯಂಕ ಮೇಲೇರಿದೆ ಎನ್ನುವಾಗ ಒಂದು ವಿಷಯವನ್ನು ಮರೆಯುತ್ತಾರೆ. ಸೆನ್ಸೆಕ್ಸ್‌ನ ಮೊದಲ 30 ಕಂಪನಿಗಳಲ್ಲಿ ಅಂಬಾಸಿಡರ್ ಕಾರಿನ ಹಿಂದೂಸ್ತಾನ್ ಮೋಟಾರ್ಸ್ ಇತ್ತು, ಪದ್ಮಿನಿ ಕಾರಿನ ಪ್ರೀಮಿಯರ್ ಆಟೊಮೊಬೈಲ್ಸ್ ಇತ್ತು. ಸಾಫ್ಟ್‌ವೇರ್ ಕಂಪನಿಯಾದ ಸತ್ಯಂ ಕೂಡ ಮುಂದೆ ಆ ಪಟ್ಟಿಯಲ್ಲಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷರು ಲೆಕ್ಕಪತ್ರ ಸುಳ್ಳೆಂದು ತಾವೇ ಬರೆದು ಒಪ್ಪಿಕೊಂಡಾಗ, ಹಿಂದಿನ ದಿನ 179 ರೂಪಾಯಿ ಇದ್ದ ಷೇರು ಸುಮಾರು 40ಕ್ಕೆ ಬಿತ್ತು. ಸೂಚ್ಯಂಕ ಅಂಥವನ್ನು ಹೊರಗಿಟ್ಟು ಬೇರೆಯದನ್ನು ಸೇರಿಸಿಕೊಂಡು ಮುಂದೆ ಹೋಗುತ್ತದೆ. ಟ್ರಂಕಿನಲ್ಲಿರುವ ಸರ್ಟಿಫಿಕೇಟು ಹಾಗೆ ತನ್ನನ್ನು ಬದಲಾಯಿಸಿಕೊಳ್ಳಲಾರದು.

ಆದ್ದರಿಂದ ನಾನೀಗ ಸೂಚ್ಯಂಕವನ್ನೇ ಅನುಸರಿಸುವ ಇಂಡೆಕ್ಸ್ ಫಂಡಿನಲ್ಲಿ ಮಾತ್ರ ಹಾಕುತ್ತೇನೆ. ಅಡಿಕೆ ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕಾಯುವ ನಮಗೆ ಕಾಯುವುದು ಕಷ್ಟವಲ್ಲ, ಏನನ್ನು ಕಾಯುತ್ತಿದ್ದೇವೆ ಎಂದು ತಿಳಿದಿರಬೇಕು, ಅಷ್ಟೇ.

ಉತ್ತರ: ಬೆಂಗಳೂರಿನ ಓದುಗ

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತೇನೆ, ಆದರೆ ಇಷ್ಟನ್ನು ಮಾತ್ರ ಓದಿದರೆ ಪ್ರಶ್ನೆ ಕೇಳಿದವರು 12 ಲಕ್ಷವನ್ನೂ ಠೇವಣಿಯಲ್ಲೇ ಬಿಡುವ ಸಂಭವವಿದೆ. ಅದಕ್ಕೂ ಅಪಾಯವಿದೆ, ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಠೇವಣಿಗೆ ಶೇ. 7 ಬಡ್ಡಿ ಎಂದಿಟ್ಟುಕೊಳ್ಳಿ, ಶೇ. 20ರ ತೆರಿಗೆಯ ಹಂತದಲ್ಲಿದ್ದರೆ ಕೈಗೆ ಬರುವುದು ಶೇ. 5.6. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಹನ್ನೆರಡು ವರ್ಷದಲ್ಲಿ ರೂಪಾಯಿಯ ಕೊಳ್ಳುವ ಶಕ್ತಿ ಅರ್ಧವಾಗುತ್ತದೆ. ಪಾಸ್‌ಬುಕ್ಕಿನಲ್ಲಿ ಅಂಕ ಹೆಚ್ಚುತ್ತಲೇ ಇರುತ್ತದೆ, ಅದರಿಂದ ಕೊಳ್ಳಬಹುದಾದ ಅಕ್ಕಿಯ ಮೂಟೆಗಳು ಹೆಚ್ಚುವುದಿಲ್ಲ. 19 ವರ್ಷದ ನಂತರ ಬೇಕಾಗುವ ಹಣಕ್ಕೆ ಇದು ಸಣ್ಣ ಅಪಾಯವಲ್ಲ. ಜೊತೆಗೆ, ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ಇರುವ ವಿಮೆ 2020ರಿಂದ 5 ಲಕ್ಷ ರೂಪಾಯಿಗಳವರೆಗೆ ಮಾತ್ರ ಎಂಬುದು ಗಮನದಲ್ಲಿರಲಿ.

ನನ್ನ ಅಭಿಪ್ರಾಯದಲ್ಲಿ ಹಣವನ್ನು ಮೊತ್ತದಿಂದಲ್ಲ, ಯಾವ ದಿನಾಂಕಕ್ಕೆ ಬೇಕು ಎಂಬುದರಿಂದ ವಿಂಗಡಿಸಬೇಕು. ಮನೆಯ ಹಣ ಮೂರು ವರ್ಷಕ್ಕೆ ಬೇಕು, ಅದರಲ್ಲಿ ಒಂದು ರೂಪಾಯಿಯೂ ಷೇರಿಗೆ ಹೋಗಬಾರದು. ಮುದ್ರಣಾಲಯ ಆರು ತಿಂಗಳು ನಿಂತರೂ ಮನೆ ನಡೆಯುವಷ್ಟು ಹಣ ಬೇರೆ ಇರಬೇಕು. ಮಗಳಿಗೆ ಇನ್ನೂ ಹತ್ತು ತುಂಬಿಲ್ಲವಾದರೆ ಹೆಣ್ಣುಮಕ್ಕಳಿಗಾಗಿ ಇರುವ ಸರ್ಕಾರದ ಉಳಿತಾಯ ಯೋಜನೆಯಾದ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು, ಅದರ ಬಡ್ಡಿಯನ್ನು 2024ರ ಆರಂಭದಲ್ಲಿ ಶೇ. 8.2ಕ್ಕೆ ಏರಿಸಿದ್ದಾರೆ ಮತ್ತು ಆ ಬಡ್ಡಿಗೆ ತೆರಿಗೆ ಇಲ್ಲ. ಹತ್ತು ತುಂಬಿದ ಮೇಲೆ ತೆರೆಯಲಾಗದು, ಆದ್ದರಿಂದ ತಡಮಾಡಬೇಡಿ. ಷೇರಿಗೆ ಹೋಗಬೇಕಾದದ್ದು ನಿವೃತ್ತಿಯ ಹಣ, ಅದೂ ತಿಂಗಳ ಉಳಿತಾಯದಿಂದ.

ಅಳೆಯುವುದು ಹೇಗೆಂದು ಕೇಳಿದ್ದೀರಿ. ಶೇಕಡಾವಾರಿನಲ್ಲಿ ಯೋಚಿಸಬೇಡಿ, ರೂಪಾಯಿಯಲ್ಲಿ ಬರೆಯಿರಿ. ಷೇರಿನಲ್ಲಿರುವ ನನ್ನ 6 ಲಕ್ಷ ನಾಳೆ 3 ಲಕ್ಷವಾಗಿ ಐದು ವರ್ಷ ಹಾಗೆಯೇ ಇದ್ದರೆ ಮನೆಯಲ್ಲಿ ಯಾವ ಕೆಲಸ ನಿಲ್ಲುತ್ತದೆ? ಯಾವುದಾದರೂ ನಿಲ್ಲುತ್ತದೆ ಎಂದಾದರೆ ಹಾಕಿದ ಮೊತ್ತ ಹೆಚ್ಚಾಯಿತು.

ಫಂಡು ನಡೆಸುವವರು ಪ್ರತಿವರ್ಷ ನಮ್ಮ ಹಣದಿಂದ ಹಿಡಿದುಕೊಳ್ಳುವ ವೆಚ್ಚವನ್ನೂ ನೋಡಿ. ವರ್ಷಕ್ಕೆ ಶೇ. 12 ಬೆಳೆದರೆ 1 ಲಕ್ಷ ಇಪ್ಪತ್ತು ವರ್ಷದಲ್ಲಿ 9.65 ಲಕ್ಷವಾಗುತ್ತದೆ, ವೆಚ್ಚದಲ್ಲಿ ಶೇ. 1 ಹೋಗಿ 11ಕ್ಕೆ ಇಳಿದರೆ 8.06 ಲಕ್ಷ. ತಿಂಗಳ ಕಂತಿನಲ್ಲಿ ಹಾಕಿದರೆ ಅಪಾಯವೇ ಇಲ್ಲ ಎಂದೂ ಕೆಲವರು ಹೇಳುತ್ತಾರೆ. ಮೊದಲ ವರ್ಷಗಳಲ್ಲಿ ಬಿದ್ದರೆ ಕಂತು ನೆರವಾಗುತ್ತದೆ. ಹದಿನೆಂಟನೆಯ ವರ್ಷದಲ್ಲಿ ಬಿದ್ದರೆ ಅಷ್ಟರವರೆಗೆ ಕೂಡಿದ ಗಂಟೆಲ್ಲವೂ ಬೀಳುತ್ತದೆ, ಒಂದು ಕಂತು ಏನು ಮಾಡೀತು? ನಿವೃತ್ತಿಗೆ ಐದಾರು ವರ್ಷವಿರುವಾಗಲೇ ಸ್ವಲ್ಪ ಸ್ವಲ್ಪವಾಗಿ ಹೊರತೆಗೆಯಲು ಆರಂಭಿಸಬೇಕು. ವರ್ಷಕ್ಕೆ 1.25 ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆಯಿಲ್ಲ, ಅದಕ್ಕಿಂತ ಹೆಚ್ಚಿನದಕ್ಕೆ 2024ರ ಜುಲೈನಿಂದ ಶೇ. 12.5 ಇದೆ. ಹಂತಹಂತವಾಗಿ ತೆಗೆಯುವುದಕ್ಕೆ ಅದೂ ಒಂದು ಕಾರಣ.

ಪ್ರಶ್ನೆ ಕೇಳಿದವರು: ತೀರ್ಥಹಳ್ಳಿಯ ಉಪನ್ಯಾಸಕಿ

ಮೂವರಿಗೂ ಕೃತಜ್ಞತೆಗಳು. ನಿನ್ನೆ ಯಜಮಾನರ ಜೊತೆ ಕುಳಿತು ದಿನಾಂಕ ಹಾಕಿ ಬರೆದೆವು. 8 ಲಕ್ಷ ಮನೆಗೆ, 3 ಲಕ್ಷ ಮುದ್ರಣಾಲಯ ನಿಂತರೆ ಬೇಕಾಗುವ ಖರ್ಚಿಗೆ, ಇವೆರಡೂ ಎರಡು ಬ್ಯಾಂಕುಗಳ ಠೇವಣಿಯಲ್ಲಿ ನಮ್ಮಿಬ್ಬರ ಹೆಸರಿನಲ್ಲಿ ಬೇರೆ ಬೇರೆಯಾಗಿ ಇರುತ್ತವೆ. ಉಳಿದ 1 ಲಕ್ಷದಿಂದ ಸೋಮವಾರ ಅಂಚೆ ಕಚೇರಿಯಲ್ಲಿ ಮಗಳ ಖಾತೆ ತೆರೆಯುತ್ತೇವೆ. ತಿಂಗಳ ಉಳಿತಾಯದಲ್ಲಿ 8 ಸಾವಿರ ಇಂಡೆಕ್ಸ್ ಫಂಡಿಗೆ, ಮಿಕ್ಕದ್ದು ಮಗಳ ಖಾತೆಗೆ. 8 ಸಾವಿರಕ್ಕಿಂತ ಹೆಚ್ಚು ಹಾಕಲು ನನಗೆ ಈಗಲೂ ಧೈರ್ಯವಿಲ್ಲ.

ಟ್ರಂಕನ್ನು ಮತ್ತೊಮ್ಮೆ ತೆರೆದಾಗ ಇನ್ನೊಂದು ಲಕೋಟೆ ಸಿಕ್ಕಿತು. ಅದರಲ್ಲಿ ಬೇರೊಂದು ಕಂಪನಿಯ 50 ಷೇರುಗಳ ಸರ್ಟಿಫಿಕೇಟು ಇದೆ, ಆ ಕಂಪನಿ ಬೇರೆ ಹೆಸರಿನಲ್ಲಿ ಇನ್ನೂ ನಡೆಯುತ್ತಿದೆಯಂತೆ. ಇದಕ್ಕೆ ಬೆಲೆಯಿದೆಯೇ?

ಉತ್ತರ: ಮೈಸೂರಿನ ನಿವೃತ್ತ ಲೆಕ್ಕಪರಿಶೋಧಕ

ಖಂಡಿತ ಇರಬಹುದು, ಕಂಪನಿ ಉಚಿತವಾಗಿ ಕೊಟ್ಟಿರಬಹುದಾದ ಬೋನಸ್ ಷೇರುಗಳು ಸೇರಿ 50 ಎಂಬುದು ಹೆಚ್ಚಾಗಿರಲೂಬಹುದು. ಸರ್ಟಿಫಿಕೇಟಿನ ಮೇಲೆ ಫೋಲಿಯೊ ಸಂಖ್ಯೆ, ಅಂದರೆ ಕಂಪನಿಯ ದಾಖಲೆಯಲ್ಲಿ ಷೇರುದಾರರ ಖಾತೆಯ ಸಂಖ್ಯೆ, ಇರುತ್ತದೆ, ಕಂಪನಿಯ ಜಾಲತಾಣದಲ್ಲಿ ಅದರ ಷೇರು ನೋಂದಣಿ ಏಜೆಂಟರ ವಿಳಾಸ ಸಿಗುತ್ತದೆ. ಫೋಲಿಯೊ ಸಂಖ್ಯೆ ನಮೂದಿಸಿ, ತಂದೆಯವರು ತೀರಿಕೊಂಡಿರುವುದನ್ನು ತಿಳಿಸಿ, ವಾರಸುದಾರರ ಹೆಸರಿಗೆ ವರ್ಗಾಯಿಸಲು ಬೇಕಾದ ನಮೂನೆಗಳನ್ನು ಕೇಳಿ ಪತ್ರ ಬರೆಯಿರಿ. ಮರಣ ಪ್ರಮಾಣಪತ್ರ, ವಾರಸುದಾರಿಕೆಯ ದಾಖಲೆ, ನಿಮ್ಮ ಹೆಸರಿನ ಡಿಮ್ಯಾಟ್ ಖಾತೆ ಇವು ಬೇಕಾಗುತ್ತವೆ. ಏಳು ವರ್ಷ ಸತತವಾಗಿ ಲಾಭಾಂಶ ಪಡೆಯದೇ ಇದ್ದಿದ್ದರೆ ಆ ಷೇರುಗಳು ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ (ಐಇಪಿಎಫ್) ಹೋಗಿರುತ್ತವೆ, ಆಗ ಐಇಪಿಎಫ್-5 ಎಂಬ ಅರ್ಜಿಯನ್ನು ಆನ್‌ಲೈನಿನಲ್ಲಿ ಸಲ್ಲಿಸಿ ಮರಳಿ ಪಡೆಯಬಹುದು. ಅರ್ಜಿಗೆ ಸರ್ಕಾರಿ ಶುಲ್ಕವಿಲ್ಲ. ಬಿಡಿಸಿಕೊಡುತ್ತೇವೆಂದು ಪಾಲು ಕೇಳುವ ಮಧ್ಯವರ್ತಿಗಳಿಗೆ ಮೂಲ ಸರ್ಟಿಫಿಕೇಟು ಕೊಡಬೇಡಿ. ಎರಡೂ ಬದಿಯ ಜೆರಾಕ್ಸ್ ಮಾಡಿಸಿಟ್ಟುಕೊಂಡು ಸ್ಪೀಡ್ ಪೋಸ್ಟಿನಲ್ಲಿ ನೀವೇ ಕಳುಹಿಸಿ.