ತಮ್ಮನ ಆನ್‌ಲೈನ್ ಜೂಜು: ಗ್ಯಾಮ್‌ಸ್ಟಾಪ್ ನೋಂದಣಿ ಮತ್ತು ಬ್ಯಾಂಕಿನ ತಡೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ತುಂಗಭದ್ರಾ:

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನರ್ಸ್ ಆಗಿದ್ದೇನೆ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿದ ನನ್ನ ತಮ್ಮ ಎಂ.ಎಸ್ಸಿ. ಓದಲು ಬಂದು ನಮ್ಮ ಮನೆಯಲ್ಲೇ ಇದ್ದಾನೆ. ಮೊದಮೊದಲು ಫುಟ್‌ಬಾಲ್ ಪಂದ್ಯಗಳ ಮೇಲೆ ಚಿಲ್ಲರೆ ಹಣ ಕಟ್ಟುತ್ತಿದ್ದವನು ಈಗ ರಾತ್ರಿಯಿಡೀ ಮೊಬೈಲಿನಲ್ಲಿ ರೂಲೆಟ್ ಮತ್ತು ಸ್ಲಾಟ್ ಆಡುತ್ತಾನೆ. ಅಪ್ಪ ಮನೆಪತ್ರ ಅಡವಿಟ್ಟು ತೆಗೆದ ಸಾಲದಲ್ಲಿ ಎರಡನೇ ಕಂತಿನ ಶುಲ್ಕಕ್ಕೆಂದು ಕಳುಹಿಸಿದ ಹಣದ ಬಹುಪಾಲು ಹೋಗಿದೆ. ವಿಶ್ವವಿದ್ಯಾಲಯದಿಂದ ಬಾಕಿ ಶುಲ್ಕದ ಪತ್ರ ಬಂದ ಮೇಲೆ ಅವನ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ನೋಡಿದೆ. ಮಧ್ಯರಾತ್ರಿಯಿಂದ ನಸುಕಿನವರೆಗೆ 20 ಪೌಂಡ್, 20 ಪೌಂಡ್, 40 ಪೌಂಡ್ ಎಂದು ಒಂದೇ ಹೆಸರಿಗೆ ಸಾಲುಸಾಲಾಗಿ ಹಣ ಹೋಗಿತ್ತು.

ಅವನು ಏನನ್ನೂ ಮುಚ್ಚಿಡಲಿಲ್ಲ. "ಅಕ್ಕ, ನನ್ನ ಕೈಲಿ ನಿಲ್ಲಿಸೋಕೆ ಆಗ್ತಿಲ್ಲ, ನೀನೇ ಏನಾದ್ರೂ ಮಾಡು" ಎಂದು ಅತ್ತುಬಿಟ್ಟ. ತಾವಾಗಿ ಹೆಸರು ಕೊಟ್ಟವರಿಗೆ ಆನ್‌ಲೈನ್ ಜೂಜಿನ ತಾಣಗಳಲ್ಲಿ ಆಡದಂತೆ ತಡೆ ಹಾಕುವ ಬ್ರಿಟನ್‌ನ ಗ್ಯಾಮ್‌ಸ್ಟಾಪ್‌ ವ್ಯವಸ್ಥೆಯಲ್ಲಿ ಅವನ ಪರವಾಗಿ ನಾನೇ ಹೆಸರು ನೋಂದಾಯಿಸಬಹುದೇ? ಬ್ಯಾಂಕಿನ ಆ್ಯಪ್‌ನಲ್ಲಿ ಜೂಜಿನ ಪಾವತಿಗೆ ತಡೆ ಹಾಕಿದರೆ ಮರುದಿನವೇ ಅವನು ಅದನ್ನು ತೆಗೆದುಬಿಡಲಾರನೇ? ಇದರಿಂದ ಅವನ ಕ್ರೆಡಿಟ್ ದಾಖಲೆ ಹಾಳಾಗುತ್ತದೆಯೇ? ಅಪ್ಪ ಮತ್ತೊಮ್ಮೆ ಹಣ ಹೊಂದಿಸುತ್ತೇನೆ ಎನ್ನುತ್ತಿದ್ದಾರೆ. ಅದನ್ನು ಅವನ ಖಾತೆಗೆ ಹಾಕಿಸಲು ನನಗೆ ಧೈರ್ಯವಿಲ್ಲ.

ಹೊಂಗೆ ನೆರಳು:

ಮೇಡಂ, ನಾನು ಲೀಡ್ಸ್‌ನಲ್ಲಿ ಒಂದು ಬ್ಯಾಂಕಿನ ಗ್ರಾಹಕ ಸೇವಾ ವಿಭಾಗದಲ್ಲಿದ್ದೇನೆ. ಹಣದ ಕಡೆಯ ವಿಚಾರವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಇಂದು ರಾತ್ರಿಯೇ ಮಾಡಬಹುದಾದ ಕೆಲಸ ಅದು.

ಕಾರ್ಡಿನಿಂದ ಹಣ ಪಡೆಯುವ ಪ್ರತಿಯೊಂದು ವ್ಯಾಪಾರಕ್ಕೂ ನಾಲ್ಕು ಅಂಕಿಯ ಒಂದು ಸಂಕೇತ ಇರುತ್ತದೆ. ಬೆಟ್ಟಿಂಗ್ ಮತ್ತು ಕ್ಯಾಸಿನೊಗಳಿಗೆ ಅದು 7995. ಆ್ಯಪ್‌ನಲ್ಲಿ ತಡೆ ಹಾಕಿದಾಗ ಬ್ಯಾಂಕ್ ಈ ಸಂಕೇತವಿರುವ ಪಾವತಿಗಳನ್ನು ತಿರಸ್ಕರಿಸುತ್ತದೆ. ಇಲ್ಲಿನ ಮೊಂಜೊ ಮತ್ತು ಸ್ಟಾರ್ಲಿಂಗ್ ಬ್ಯಾಂಕುಗಳು 2018ರಲ್ಲಿ ಇದನ್ನು ಆರಂಭಿಸಿದವು. ಈಗ ದೊಡ್ಡ ಬ್ಯಾಂಕುಗಳಲ್ಲೆಲ್ಲ ಈ ಸೌಲಭ್ಯವಿದೆ. ತಡೆಯನ್ನು ತೆಗೆಯಲು ಒತ್ತಿದ ಕೂಡಲೇ ಅದು ಹೋಗುವುದಿಲ್ಲ; ಹಲವು ಬ್ಯಾಂಕುಗಳು 48 ಅಥವಾ 72 ಗಂಟೆ ಕಾಯಿಸುತ್ತವೆ, ಕೆಲವು ಸಿಬ್ಬಂದಿಯೊಡನೆ ಮಾತನಾಡಿದ ಮೇಲಷ್ಟೇ ತೆಗೆಯುತ್ತವೆ. ಸೋತ ಹಣವನ್ನು ಈಗಲೇ ಗೆದ್ದು ತರಬೇಕೆನ್ನುವ ನಡುರಾತ್ರಿಯ ತುಡಿತ ಅಷ್ಟು ಹೊತ್ತು ಅದೇ ಬಿರುಸಿನಲ್ಲಿ ಉಳಿಯುವುದಿಲ್ಲ, ಮತ್ತು ಈ ತಡೆಯ ಮುಖ್ಯ ಪ್ರಯೋಜನವೆಂದರೆ ಹೀಗೆ ಸಿಗುವ ಬಿಡುವೇ. ಕ್ರೆಡಿಟ್ ಅಂಕಕ್ಕೂ ಇದಕ್ಕೂ ಸಂಬಂಧವಿಲ್ಲ.

ಆದರೆ ಇದರ ಸಂದುಗಳು ನಿಮಗೆ ತಿಳಿದಿರಬೇಕು. ಒಂದು ಖಾತೆಗೆ ಹಾಕಿದ ತಡೆ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ, ಮತ್ತು ಹೊಸ ಖಾತೆ ತೆರೆಯಲು ಇಂದು ಹತ್ತು ನಿಮಿಷ ಸಾಕು. ಇ-ವಾಲೆಟ್‌ಗೆ ಅಥವಾ ಕ್ರಿಪ್ಟೊ ಖಾತೆಗೆ ಮೊದಲು ಹಣ ಹಾಕಿ ಅಲ್ಲಿಂದ ಕಟ್ಟಿದರೆ ಬ್ಯಾಂಕಿಗೆ 7995 ಕಾಣುವುದೇ ಇಲ್ಲ. ಸ್ನೇಹಿತರ ಖಾತೆಗೆ ಹಣ ವರ್ಗಾಯಿಸುವುದೂ ಹಾಗೆಯೇ. ಆದ್ದರಿಂದ ಅವನ ಎಲ್ಲ ಖಾತೆಗಳನ್ನೂ ಒಟ್ಟಿಗೆ ಕುಳಿತು ಪಟ್ಟಿ ಮಾಡಿ, ಅವನ ಕೈಯಿಂದಲೇ ಒಂದೊಂದಕ್ಕೂ ತಡೆ ಹಾಕಿಸಿ. ಕ್ರೆಡಿಟ್ ಕಾರ್ಡಿನಿಂದ ಜೂಜಾಡುವುದನ್ನು ಬ್ರಿಟನ್‌ನಲ್ಲಿ 2020ರ ಏಪ್ರಿಲ್ 14ರಿಂದಲೇ ನಿಷೇಧಿಸಿದ್ದಾರೆ. ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಹಣ ಮುಗಿದ ಮೇಲೂ ಬ್ಯಾಂಕ್ ಸಾಲವಾಗಿ ಕೊಡುವ ಹಣ ಮಾತ್ರ ಹಾಗೇ ಉಳಿದಿದೆ, ಅದನ್ನು ಸೊನ್ನೆಗೆ ಇಳಿಸುವಂತೆ ಬ್ಯಾಂಕಿಗೆ ಅವನೇ ತಿಳಿಸಲಿ.

ಮಲೆನಾಡಿಗ:

ಅಕ್ಕ, ನಾನು ಚಟಗಳಿಂದ ಹೊರಬರುತ್ತಿರುವವರ ಜೊತೆ ಕೆಲಸ ಮಾಡುವವನು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಅವನ ಪರವಾಗಿ ನೀವು ನೋಂದಾಯಿಸುವಂತಿಲ್ಲ, ಅವನೇ ಮಾಡಬೇಕು. ನೀವು ಪಕ್ಕದಲ್ಲಿ ಕುಳಿತಿರಬಹುದು, ಮತ್ತು ಕುಳಿತಿರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಗ್ಯಾಮ್‌ಸ್ಟಾಪ್ ಉಚಿತ. 2020ರ ಮಾರ್ಚ್ 31ರಿಂದ ಬ್ರಿಟನ್‌ನಲ್ಲಿ ಪರವಾನಗಿ ಪಡೆದ ಪ್ರತಿಯೊಂದು ಆನ್‌ಲೈನ್ ಜೂಜಿನ ಕಂಪನಿಯೂ ಇದರಲ್ಲಿ ಕಡ್ಡಾಯವಾಗಿ ಸೇರಿರಬೇಕು. ಆರು ತಿಂಗಳು, ಒಂದು ವರ್ಷ, ಐದು ವರ್ಷ ಎಂಬ ಅವಧಿಗಳಿವೆ. ಒಮ್ಮೆ ಆರಿಸಿದ ಮೇಲೆ ನಡುವೆ ರದ್ದು ಮಾಡಲು ಬರುವುದಿಲ್ಲ. ನನ್ನನ್ನು ಕೇಳಿದರೆ ಐದು ವರ್ಷವನ್ನೇ ಆರಿಸಲಿ. ಓದು ಮುಗಿದು, ಕೆಲಸ ಸಿಕ್ಕು, ಕೈಗೆ ಮೊದಲ ಸಂಬಳ ಬರುವ ದಿನಗಳೂ ಆ ಅವಧಿಯೊಳಗೇ ಬರುತ್ತವೆ, ಮತ್ತು ಅಪಾಯ ಹೆಚ್ಚಿರುವುದು ಆಗಲೇ. ಅವಧಿ ಮುಗಿದರೂ ತಡೆ ತಾನಾಗಿ ಕಳಚುವುದಿಲ್ಲ, ಅವನೇ ಸಂಪರ್ಕಿಸಿ ಕೇಳಬೇಕು.

ಈ ವ್ಯವಸ್ಥೆ ಕೆಲಸ ಮಾಡುವುದು ಹೆಸರು, ಜನ್ಮದಿನಾಂಕ, ಇಮೇಲ್, ಫೋನ್ ಸಂಖ್ಯೆ ಮತ್ತು ಪೋಸ್ಟ್‌ಕೋಡ್ ಹೋಲಿಸಿ ನೋಡುವ ಮೂಲಕ. ನಮ್ಮವರಿಗೆ ಇಲ್ಲಿ ಒಂದು ತೊಡಕಿದೆ: ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಕೊನೆಗೆ, ಬ್ಯಾಂಕಿನಲ್ಲಿ ಊರಿನ ಹೆಸರು ಮೊದಲಿಗೆ, ಇನ್ನೆಲ್ಲೋ ಬರೀ ಇನಿಷಿಯಲ್ ಎಂದು ಒಬ್ಬನೇ ಮನುಷ್ಯ ಮೂರು ಹೆಸರುಗಳಲ್ಲಿರುತ್ತಾನೆ. ಬೆಟ್ಟಿಂಗ್ ಖಾತೆಗಳಲ್ಲಿ ಅವನು ಕೊಟ್ಟಿರುವ ಹೆಸರುಗಳನ್ನು, ಹಳೆಯ ಇಮೇಲ್‌ಗಳನ್ನು, ಹಿಂದೆ ವಾಸವಿದ್ದ ಹಾಸ್ಟೆಲಿನ ಪೋಸ್ಟ್‌ಕೋಡನ್ನು ಒಂದೂ ಬಿಡದೆ ಕೊಡಿಸಿ. ಆ ಖಾತೆಗಳಲ್ಲಿ ಹಣ ಉಳಿದಿದ್ದರೆ ಕಂಪನಿ ಅದನ್ನು ಹಿಂದಿರುಗಿಸಬೇಕು.

ಪರವಾನಗಿ ಇಲ್ಲದ ವಿದೇಶಿ ಜಾಲತಾಣಗಳು ಗ್ಯಾಮ್‌ಸ್ಟಾಪ್‌ಗೆ ಸೇರುವುದಿಲ್ಲ. "ಗ್ಯಾಮ್‌ಸ್ಟಾಪ್‌ನಲ್ಲಿ ಇಲ್ಲದ ಕ್ಯಾಸಿನೊ" ಎಂದೇ ಜಾಹೀರಾತು ಕೊಟ್ಟು, ಬಿಡಬೇಕೆಂದು ಹೊರಟವರನ್ನೇ ಗುರಿಯಾಗಿಸುವ ತಾಣಗಳಿವೆ. ಇದಕ್ಕಿಂತ ಕ್ರೂರವಾದ ವ್ಯಾಪಾರ ನನಗೆ ತಿಳಿದಿಲ್ಲ. ಅವುಗಳನ್ನು ತಡೆಯಲು ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಜೂಜಿನ ತಾಣಗಳು ತೆರೆಯದಂತೆ ಮಾಡುವ ಗ್ಯಾಂಬ್ಯಾನ್ ಅಥವಾ ಬೆಟ್‌ಬ್ಲಾಕರ್ ತಂತ್ರಾಂಶ ಹಾಕಬೇಕು. ಬೆಟ್‌ಬ್ಲಾಕರ್ ಎಲ್ಲರಿಗೂ ಉಚಿತ. ಗ್ಯಾಂಬ್ಯಾನ್ ಅನ್ನು ಜೂಜಿನ ಚಟದವರಿಗೆ ನೆರವಾಗುವ ಗ್ಯಾಮ್‌ಕೇರ್ ಸಂಸ್ಥೆಯ ಮೂಲಕ ಉಚಿತವಾಗಿ ಪಡೆಯಬಹುದು. ಬೀದಿಯ ಬೆಟ್ಟಿಂಗ್ ಅಂಗಡಿಗಳಿಗೆ ಸ್ವಯಂ ನಿರ್ಬಂಧದ ಬೇರೆಯೇ ವ್ಯವಸ್ಥೆ ಇದೆ, ಅದಕ್ಕೂ ಹೆಸರು ಕೊಡಿಸಿ.

ಇಷ್ಟೆಲ್ಲ ಆದರೂ ಇವು ಬಾಗಿಲಿಗೆ ಹಾಕುವ ಅಗಳಿಗಳು ಮಾತ್ರ. ಒಳಗಿರುವವನ ಸಂಕಟಕ್ಕೆ ಚಿಕಿತ್ಸೆ ಬೇರೆಯೇ ಬೇಕು. ಜೂಜಿನ ಸಮಸ್ಯೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 0808 8020 133ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ನೀವೂ ಮಾಡಬಹುದು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಜೂಜು ಚಿಕಿತ್ಸಾಲಯಗಳಲ್ಲಿ ಒಂದು ನಿಮ್ಮ ಈಸ್ಟ್ ಮಿಡ್‌ಲ್ಯಾಂಡ್ಸ್ ಭಾಗಕ್ಕೂ ಇದೆ. ಜಿಪಿಯ (ಸ್ಥಳೀಯ ವೈದ್ಯರ) ಪತ್ರ ಬೇಕಿಲ್ಲ. ಸೋತವರಲ್ಲಿ ಬದುಕು ಸಾಕೆನ್ನುವ ಯೋಚನೆ ಬರುವುದು ಅಪರೂಪವಲ್ಲ, ಆದ್ದರಿಂದ ಅದನ್ನು ಅವನಲ್ಲಿ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಹೌದು ಎಂದರೆ ಅವನನ್ನು ಒಂಟಿಯಾಗಿ ಬಿಡದೆ ಕೂಡಲೇ ಎನ್‌ಎಚ್‌ಎಸ್‌ನ 111ಕ್ಕೆ ಕರೆ ಮಾಡಿ, ಅಪಾಯ ಕಣ್ಣೆದುರೇ ಇದ್ದರೆ ತುರ್ತು ಸಂಖ್ಯೆ 999ಕ್ಕೆ.

ಬಸವನಗುಡಿ:

ತಂಗಿ, ನಾನು ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಮೇಲಿನ ಇಬ್ಬರೂ ಹೇಳದ ಒಂದು ದಾರಿ ತೆರೆದೇ ಇದೆ: ಅವನ ಊರಿನ ಬ್ಯಾಂಕ್ ಖಾತೆ ಮತ್ತು ಯುಪಿಐ. ಭಾರತದಲ್ಲಿ ಗ್ಯಾಮ್‌ಸ್ಟಾಪ್‌ನಂತಹ ರಾಷ್ಟ್ರೀಯ ಪಟ್ಟಿ ಇಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಆಟ ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ, ಹಣ ಸಾಗಿಸುವವರಿಗೆ ಶಿಕ್ಷೆ ಇದೆ, ಆಡುವವರಿಗಿಲ್ಲ. ಆದರೆ ವಿದೇಶಿ ಬೆಟ್ಟಿಂಗ್ ಆ್ಯಪ್‌ಗಳು ಯಾರದೋ ಹೆಸರಿನ ಉಳಿತಾಯ ಖಾತೆಯ ಯುಪಿಐ ಐಡಿಗೆ ಹಣ ಹಾಕಿಸಿಕೊಂಡು, ಆ ಐಡಿಗಳನ್ನು ಬದಲಿಸುತ್ತಲೇ ಇರುತ್ತವೆ. ಬ್ಯಾಂಕಿನ ಕಣ್ಣಿಗೆ ಅದು ಒಬ್ಬರು ಇನ್ನೊಬ್ಬರಿಗೆ ಕಳುಹಿಸಿದ ಹಣದಂತೆಯೇ ಕಾಣುತ್ತದೆ. ಹಾಗಾಗಿ ಸಂಕೇತ ನೋಡಿ ತಡೆಯುವ ಉಪಾಯ ಇಲ್ಲಿ ಸಾಗುವುದಿಲ್ಲ; ಮೊತ್ತಕ್ಕೇ ಮಿತಿ ಹಾಕಬೇಕು. ರಿಸರ್ವ್ ಬ್ಯಾಂಕಿನ 2020ರ ಜನವರಿ 15ರ ಸುತ್ತೋಲೆಯ ಪ್ರಕಾರ ಕಾರ್ಡಿನ ಆನ್‌ಲೈನ್ ಮತ್ತು ವಿದೇಶಿ ವಹಿವಾಟುಗಳನ್ನು ಗ್ರಾಹಕರೇ ನಿಲ್ಲಿಸಬಹುದು, ಮಿತಿಯನ್ನೂ ಇಳಿಸಬಹುದು. ಊರಿನ ಖಾತೆಯಿಂದ ಯುಪಿಐಯನ್ನೇ ಬಿಡಿಸಿಬಿಡಿ.

ನಿಮ್ಮ ತಂದೆಯವರು ಹೊಂದಿಸುವ ಹಣ ನೇರವಾಗಿ ವಿಶ್ವವಿದ್ಯಾಲಯದ ಖಾತೆಗೇ ಹೋಗಲಿ. ಅದಕ್ಕೂ ಮೊದಲು ಅಲ್ಲಿನ ವಿದ್ಯಾರ್ಥಿ ನೆರವು ಕಚೇರಿಯಲ್ಲಿ ವಿಷಯ ತಿಳಿಸಿ, ಕಂತುಗಳಲ್ಲಿ ಕಟ್ಟಲು ಅವಕಾಶ ಕೇಳಿ. ಶುಲ್ಕ ಬಾಕಿಯಿಂದ ಪ್ರವೇಶ ರದ್ದಾದರೆ ವೀಸಾದ ಪ್ರಾಯೋಜಕತ್ವವೂ ಹೋಗುತ್ತದೆ, ಭಯಪಡಬೇಕಾದದ್ದು ಅದಕ್ಕೆ. ಮನೆಯವರಿಗೂ ಮಾತನಾಡಲು ಯಾರಾದರೂ ಬೇಕೆನಿಸಿದರೆ ಭಾರತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತನಾಡುತ್ತಾರೆ. ಅವನು ರಜೆಗೆ ಊರಿಗೆ ಬಂದರೆ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಿಂದ ನಡೆಯುತ್ತಿರುವ ಶಟ್ ಕ್ಲಿನಿಕ್ ಇದೆ.

ತುಂಗಭದ್ರಾ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಊಟವಾದ ಮೇಲೆ ಅವನನ್ನು ಕೂರಿಸಿಕೊಂಡು ಐದು ವರ್ಷಕ್ಕೆ ನೋಂದಾಯಿಸಿದೆವು. ಅವನ ಬಳಿ ನನಗೆ ತಿಳಿಯದ ಇನ್ನೊಂದು ಖಾತೆಯೂ ಇತ್ತು, ತಾನಾಗಿಯೇ ತೋರಿಸಿದ. ಅದಕ್ಕೂ ತಡೆ ಹಾಕಿದ್ದಾನೆ. ಅಪ್ಪನಿಗೆ ವಿಷಯ ತಿಳಿಸಿದ್ದೇನೆ, ಹಣ ವಿಶ್ವವಿದ್ಯಾಲಯಕ್ಕೇ ಕಟ್ಟಲು ಒಪ್ಪಿದ್ದಾರೆ. ಅವನ ಅರೆಕಾಲಿಕ ಕೆಲಸದ ಸಂಬಳವನ್ನು ನನ್ನ ಖಾತೆಗೆ ಹಾಕಿಸಿಕೊಳ್ಳಬಹುದೇ?

ಮಲೆನಾಡಿಗ:

ಅವನೇ ಒಪ್ಪಿ ಕೇಳಿಕೊಂಡರೆ ಸ್ವಲ್ಪ ಕಾಲ ಹಾಗೆ ಮಾಡಬಹುದು, ಆದರೆ ಒತ್ತಾಯದಿಂದ ಮಾಡಿದರೆ ಅವನು ಮರೆಮಾಚಲು ತೊಡಗುತ್ತಾನೆ. ಸಂಬಳ ಅವನ ಖಾತೆಗೇ ಬರಲಿ, ಬಂದ ದಿನವೇ ಬಾಡಿಗೆ ಮತ್ತು ಶುಲ್ಕದ ಭಾಗ ತಾನಾಗಿ ನಿಮಗೆ ವರ್ಗವಾಗುವಂತೆ ಸ್ಟ್ಯಾಂಡಿಂಗ್ ಆರ್ಡರ್ ಹಾಕಿಸಿ, ವಾರದ ಖರ್ಚಿನ ಹಣ ಅವನ ಬಳಿ ಇರಲಿ. ವಾರಕ್ಕೊಮ್ಮೆ ಇಬ್ಬರೂ ಕುಳಿತು ಸ್ಟೇಟ್‌ಮೆಂಟ್ ನೋಡಿ. ನಡುವೆ ಒಮ್ಮೆ ಜಾರಿದರೂ ಬೈಯಬೇಡಿ. ಹಣ ಯಾವ ಸಂದಿನಿಂದ ಹೋಯಿತೆಂದು ಕೇಳಿ ತಿಳಿದುಕೊಂಡು ಅದನ್ನು ಮುಚ್ಚಿ. ಮನೆಯಾಗಲಿ ಫೋನ್ ಸಂಖ್ಯೆಯಾಗಲಿ ಬದಲಾದರೆ ಅದೇ ದಿನ ಗ್ಯಾಮ್‌ಸ್ಟಾಪ್‌ನಲ್ಲೂ ಹೊಸ ವಿವರ ಸೇರಿಸಬೇಕು.