ಅಪ್‌ಡೇಟ್: ಪಕ್ಕದ ಮನೆ ಹುಡುಗ ಈಗ ಹೇಗಿದ್ದಾನೆ

ಎರಡು ತಿಂಗಳ ಹಿಂದೆ ಕೇಳಿದ್ದೆ. ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಹತ್ತು ವರ್ಷದ ಹುಡುಗ, ಅಪ್ಪ ತೀರಿಕೊಂಡ ಮೇಲೆ ಶಾಲೆ ಬಿಟ್ಟಿದ್ದಾನೆ, ರಾತ್ರಿ ಚೀರಿ ಏಳುತ್ತಾನೆ, ತಾಯಿ ರೊಟ್ಟಿ ಮಾರಿ ಮನೆ ನಡೆಸುತ್ತಾರೆ, ಏನು ಮಾಡಲಿ ಅಂತ. ನಿಮ್ಮಲ್ಲಿ ಸುಮಾರು ಜನ 14416ಕ್ಕೆ ಫೋನ್ ಮಾಡಿ ಅಂದಿದ್ದಿರಿ. ಮಾಡಿದೆ.

ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಪುಕ್ಕಟೆ, ಕನ್ನಡದಲ್ಲೇ ಮಾತು. ನಾನು ಬರೀ ನೆರೆಮನೆಯವಳು ಅಂದರೂ ಪೂರ್ತಿ ಕೇಳಿಸಿಕೊಂಡರು. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ಅಂದರು. ಕಷ್ಟವಾಗಿದ್ದು ಇಲ್ಲೇ. "ಅಕ್ಕಾರ, ಹುಚ್ಚರ ದವಾಖಾನಿಗೆ ನನ್ನ ಮಗನ್ನ ಒಯ್ಯೂದ?" ಅಂತ ತಾಯಿ ಅತ್ತೇ ಬಿಟ್ಟರು. ತಪ್ಪು ಅವರದಲ್ಲ. ನಮ್ಮ ಕಡೆ ಆ ಹೆಸರು ಇನ್ನೂ ಹೋಗಿಲ್ಲ, ಅಲ್ವಾ? ಎರಡು ವಾರ ಸುಮ್ನೆ ಇದ್ದೆ. ಒಂದು ದಿನ ರೊಟ್ಟಿ ಬಡಿಯುತ್ತಾ ಅವರೇ ಕೇಳಿದರು, "ನೀವೂ ಬರ್ತೀರೇನ್ರಿ?"

ಚಿಗರಿ ಬಸ್ಸಿನಲ್ಲಿ ಹೋದೆವು. ಹುಡುಗನಿಗೆ ಕಿಟಕಿ ಸೀಟು. ಡಾಕ್ಟರು ಮಾತ್ರೆ ಬರೆಯಲಿಲ್ಲ. ಅವನ ಕೈಲಿ ಚಿತ್ರ ಬಿಡಿಸಿದರು, ತಾಯಿಯ ಜೊತೆ ಬೇರೆಯಾಗಿ ಮಾತಾಡಿದರು. ನಾನು ಮಗನ ಬಗ್ಗೆಯಷ್ಟೇ ಯೋಚಿಸಿದ್ದೆ. ಆ ತಾಯಿ ನಿದ್ದೆ ಮಾಡಿ ಎಷ್ಟು ದಿನವಾಗಿತ್ತೋ.

ದುಡ್ಡಿಗೆ ಮಿಷನ್ ವಾತ್ಸಲ್ಯ ಅನ್ನುವ ಸರ್ಕಾರದ ಮಕ್ಕಳ ಯೋಜನೆಯಲ್ಲಿ ಪ್ರಾಯೋಜಕತ್ವ, ಅಂದರೆ ಇಂಥ ಮಕ್ಕಳಿಗೆ ಧನಸಹಾಯ, ಇದೆ. ತಿಂಗಳಿಗೆ 4,000 ರೂಪಾಯಿ. ನಗರದಲ್ಲಾದರೆ ಮನೆಯ ಆದಾಯ ವರ್ಷಕ್ಕೆ 96,000 ದಾಟಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಟ್ಟಿದ್ದೇವೆ. ಆದಾಯ ಪ್ರಮಾಣಪತ್ರಕ್ಕೆ ಮೂರು ಸಲ ಅಲೆದಿದ್ದು ಬೇರೆ ಕಥೆ. ಹಣ ಇನ್ನೂ ಬಂದಿಲ್ಲ.

ಶಾಲೆಗೆ ವಾರದಲ್ಲಿ ಮೂರು ದಿನ ಹೋಗುತ್ತಿದ್ದಾನೆ. ಚೀರುವುದು ನಿಂತಿಲ್ಲ, ಕಮ್ಮಿಯಾಗಿದೆ. ಗುರುವಾರ ಮತ್ತೆ ಧಾರವಾಡಕ್ಕೆ ಹೋಗಬೇಕು.